ಗೆಟ್ ಅಂದ್ರೆ ಬರೀ ‘ಪಡೆ’ ಅಲ್ಲ. ಹಾಗಾದ್ರೆ ಮಕ್ಕಳಿಗೆ ಏನಂತ ಹೇಳಿಕೊಡೋದು?

ಟ್ಯೂಷನ್ ಅಕ್ಕ, ಹಾಸನ

ಕನ್ನಡ ಮೀಡಿಯಂನ ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ‘ಗೆಟ್’ ಬಂದಾಗಲೆಲ್ಲ ಪಾಠ ಅಲ್ಲೇ ನಿಂತುಬಿಡುತ್ತದೆ. ಗೆಟ್ ಎಂದರೆ ‘ಪಡೆ’ ಎಂದು ಎಲ್ಲರಿಗೂ ಬಾಯಿಪಾಠ ಇದೆ. ಹಾಗಾಗಿ ‘ಇಟ್ ಗಾಟ್ ಡಾರ್ಕ್’ ಎಂಬುದನ್ನು ‘ಅದು ಕತ್ತಲೆಯನ್ನು ಪಡೆಯಿತು’ ಎಂದು ಬರೆದುಕೊಂಡು ಬರುತ್ತಾರೆ. ‘ವಿ ಗಾಟ್ ಹೋಮ್ ಲೇಟ್’ ಅಂದರೆ ‘ನಾವು ತಡವಾಗಿ ಮನೆಯನ್ನು ಪಡೆದೆವು’. ಹಿಂದಿನ ಬೆಂಚಿನವನೊಬ್ಬ ‘ಯಾವ ಸ್ಕೀಮಲ್ಲಿ ಮಿಸ್?’ ಎಂದು ಕೇಳಿ ಎಲ್ಲರನ್ನೂ ನಗಿಸಿದ.

ಗೈಡ್ ತೆಗೆದರೆ ಪಡೆ, ಹೊಂದು, ಆಗು, ತಲುಪು, ತರು, ತಿಳಿ ಎಂದು ಉದ್ದ ಪಟ್ಟಿ. ಅದನ್ನು ಉರು ಹೊಡೆಸಲು ನನಗೆ ಮನಸ್ಸಿಲ್ಲ. ಹೊಡೆಸಿದರೂ ಎದುರಿಗೆ ವಾಕ್ಯ ಬಂದಾಗ ಯಾವುದನ್ನು ಆರಿಸಬೇಕು ಅಂತ ಹೇಗೆ ಗೊತ್ತಾಗುತ್ತೆ? ನೀವೆಲ್ಲ ಏನು ಮಾಡುತ್ತೀರಿ?

ರಿಟೈರ್ಡ್ ಮೇಷ್ಟ್ರು

ಪಟ್ಟಿ ಪಕ್ಕಕ್ಕಿಡಿ ಮೇಡಂ. ಗೆಟ್ ಆದಮೇಲೆ ಏನು ಬಂದಿದೆ ಅಂತ ನೋಡೋದನ್ನು ಕಲಿಸಿ, ಸಾಕು. ಅರ್ಥ ಅಲ್ಲಿರುತ್ತದೆ.

ಮುಂದೆ ವಸ್ತುವಿನ ಹೆಸರು ಬಂದರೆ ಸಿಗೋದು, ಬರೋದು, ತರೋದು, ಕೊಳ್ಳೋದು. ‘ಗಾಟ್ ಎ ಜಾಬ್’, ಕೆಲಸ ಸಿಕ್ಕಿತು. ‘ಗಾಟ್ ಎ ಲೆಟರ್’, ಕಾಗದ ಬಂತು. ‘ಗೆಟ್ ಸಮ್ ಮಿಲ್ಕ್’, ಹಾಲು ತಗೊಂಡು ಬಾ. ಮುಂದೆ ಡಾರ್ಕ್, ಟಯರ್ಡ್, ಓಲ್ಡ್, ವೆಟ್ ಥರದ ಗುಣ ಹೇಳುವ ಪದ ಬಂದರೆ ಕಣ್ಣು ಮುಚ್ಚಿಕೊಂಡು ‘ಆಗು’ ಎಂದು ಹೇಳಬಹುದು. ಕತ್ತಲಾಯಿತು, ಸುಸ್ತಾಯಿತು, ವಯಸ್ಸಾಯಿತು, ಒದ್ದೆಯಾಯಿತು. ಜಾಗ ಬಂದರೆ ಹೋಗಿ ಸೇರೋದು. ಇಷ್ಟು ಬಂದರೆ ಹೈಸ್ಕೂಲಿಗೆ ಮುಕ್ಕಾಲು ಪಾಲು ದಾಟಿದ ಹಾಗೆ. ಉಳಿದ ಕಾಲು ಪಾಲು ಸ್ವಲ್ಪ ತಲೆ ತಿನ್ನುತ್ತದೆ, ಅದಕ್ಕೆ ಆಮೇಲೆ ಬರೋಣ.

ಒಂದು ಎಚ್ಚರಿಕೆ. ‘ಆಗು’ ಅಂದಾಕ್ಷಣ ಮಕ್ಕಳು ‘ಮೈ ಬ್ರದರ್ ಗಾಟ್ ಡಾಕ್ಟರ್’ ಎಂದು ಬರೆಯುತ್ತಾರೆ. ಡಾಕ್ಟರ್ ಗುಣವಲ್ಲ, ಹೆಸರು. ಅಲ್ಲಿ ‘ಬಿಕೇಮ್ ಎ ಡಾಕ್ಟರ್’ ಬೇಕು. ‘ಗೆಟ್ ಎ ಡಾಕ್ಟರ್’ ಅಂದರೆ ಓಡಿಹೋಗಿ ಡಾಕ್ಟರನ್ನು ಕರೆದುಕೊಂಡು ಬಾ ಅಂತ!

ಅನುವಾದದ ಅಂಗಡಿ

ಮೇಷ್ಟ್ರು ಹೇಳಿದ್ದು ಸರಿ. ಅದಕ್ಕಿಂತ ಮುಂಚೆ ಇನ್ನೊಂದು ವಿಷಯ ಮಕ್ಕಳಿಗೆ ಗೊತ್ತಾಗಬೇಕು. ಇಂಗ್ಲಿಷಿನವರು ‘ನಾನು’ ಅನ್ನುವ ಕಡೆ ನಾವು ‘ನನಗೆ’ ಎನ್ನುತ್ತೇವೆ.

ನನಗೆ ಕೆಲಸ ಸಿಕ್ಕಿತು. ನನಗೆ ಜ್ವರ ಬಂತು. ನನಗೆ ಕೋಪ ಬಂತು. ನನಗೆ ಅರ್ಥ ಆಯಿತು. ಈ ನಾಲ್ಕನ್ನೂ ಇಂಗ್ಲಿಷಲ್ಲಿ ‘ಐ ಗಾಟ್’ ಎಂದೇ ಶುರು ಮಾಡಬಹುದು. ಕನ್ನಡದಲ್ಲಿ ವಾಕ್ಯ ನಡೆಸುವುದು ಕೆಲಸ, ಜ್ವರ, ಕೋಪ. ನಾವು ಸುಮ್ನೆ ಇದ್ದಲ್ಲೇ ಇರುತ್ತೇವೆ, ಅವು ನಮ್ಮ ಹತ್ತಿರ ಬರುತ್ತವೆ. ಇಂಗ್ಲಿಷಲ್ಲಿ ಜ್ವರಕ್ಕೂ ನಾನೇ ಯಜಮಾನ.

ಈ ಅದಲುಬದಲು ಗೊತ್ತಿಲ್ಲದೆ ಇರೋದರಿಂದಲೇ ನಮ್ಮ ಕಡೆಯ ಪ್ರಸಿದ್ಧ ವಾಕ್ಯ ಹುಟ್ಟಿದ್ದು: ‘ಸರ್, ಆಟೋ ಈಸ್ ನಾಟ್ ಗೆಟಿಂಗ್.’ ಆಟೋ ಸಿಗ್ತಾ ಇಲ್ಲ, ನೋಡಿ ಎಷ್ಟು ಅಚ್ಚುಕಟ್ಟಾಗಿ ಪದಕ್ಕೆ ಪದ ಕೂತಿದೆ. ಇಂಗ್ಲಿಷಲ್ಲಿ ಆಟೋಗೆ ಏನನ್ನೂ ಗೆಟ್ ಮಾಡಲು ಆಗಲ್ಲ. ‘ಐ ಆಮ್ ನಾಟ್ ಗೆಟಿಂಗ್ ಆನ್ ಆಟೋ’ ಎನ್ನಬೇಕು. ‘ದಟ್ ಬುಕ್ ಈಸ್ ನಾಟ್ ಗೆಟಿಂಗ್ ಹಿಯರ್’ ಕೂಡ ಇದೇ ಜಾತಿ.

ಇನ್ನೊಂದು ಜೋಡಿ ‘ಐ ಆಮ್ ಗೆಟಿಂಗ್ ಸ್ಲೀಪ್’ ಮತ್ತು ‘ಐ ಆಮ್ ಗೆಟಿಂಗ್ ಬೋರ್’. ನಿದ್ದೆ ಬರ್ತಾ ಇದೆ, ಬೋರ್ ಆಗ್ತಾ ಇದೆ. ನಮ್ಮ ನಿದ್ದೆ ಬರುತ್ತದೆ, ಅವರು ನಿದ್ದೆಗಣ್ಣಿನವರಾಗುತ್ತಾರೆ. ಹಾಗಾಗಿ ‘ಸ್ಲೀಪಿ’, ‘ಬೋರ್ಡ್’. ಮೇಷ್ಟ್ರ ಲೆಕ್ಕದಲ್ಲಿ ಗುಣ ಹೇಳುವ ಪದ.

ಟಿಕೆಟ್ ಟಿಕೆಟ್

ನಾನು ಬಸ್ ಕಂಡಕ್ಟರ್. ಇಂಗ್ಲಿಷ್ ಮೇಷ್ಟ್ರಲ್ಲ, ಆದರೂ ಒಂದು ಡೌಟು. ನಮ್ಮ ಬಸ್ಸಿನಲ್ಲಿ ಕನ್ನಡ ಬಾರದವರಿಗೆ ‘ನೆಕ್ಸ್ಟ್ ಸ್ಟಾಪ್ ಗೆಟ್ ಡೌನ್’ ಎನ್ನುತ್ತೇವೆ. ಎಲ್ಲರೂ ಇಳಿಯುತ್ತಾರೆ. ಮೊನ್ನೆ ಒಬ್ಬ ಹುಡುಗ ‘ಅಣ್ಣ, ಅದು ತಪ್ಪು ಇಂಗ್ಲಿಷ್’ ಎಂದ. ಇಳಿದಮೇಲೆ ತಪ್ಪು ಹೇಗಾಯ್ತು?

ಲೀಡ್ಸ್ ಕನ್ನಡತಿ

ಅಣ್ಣ, ಇಂಡಿಯಾದಲ್ಲಿ ಯಾರಿಗೂ ಅದು ತಪ್ಪು ಅನ್ನಿಸಲ್ಲ. ಇಲ್ಲಿ ಇಂಗ್ಲೆಂಡಿನಲ್ಲಿ ಬಸ್ಸಿನಿಂದ ‘ಗೆಟ್ ಆಫ್’ ಎನ್ನುತ್ತಾರೆ. ‘ಗೆಟ್ ಡೌನ್’ ಅಂದರೆ ಅವರ ಕಣ್ಣ ಮುಂದೆ ಮರದಿಂದಲೋ ಏಣಿಯಿಂದಲೋ ಇಳಿಯೋದು ಬರುತ್ತದೆ. ಜೋರಾಗಿ ಕೂಗಿದರೆ ‘ಬಗ್ಗು, ತಲೆ ತಗ್ಗಿಸು’ ಅಂತಲೂ ಆಗುತ್ತದೆ. ತುಂಬಿದ ಬಸ್ಸಿನಲ್ಲಿ ಹಾಗೆ ಕೂಗಿದರೆ ಎಲ್ಲರೂ ಸೀಟಿನ ಕೆಳಗೆ ಹೋಗಬಹುದು.

ಲೆಕ್ಕ ಹೀಗೆ. ಒಳಗೆ ಎದ್ದು ನಿಂತು ಓಡಾಡಬಹುದಾದ ಬಸ್ಸು, ರೈಲು, ವಿಮಾನಕ್ಕೆ ‘ಗೆಟ್ ಆನ್, ಗೆಟ್ ಆಫ್’. ಮೈ ಮುದುರಿಕೊಂಡು ಕೂರುವ ಕಾರಿಗೆ, ಆಟೋಗೆ ‘ಗೆಟ್ ಇನ್, ಗೆಟ್ ಔಟ್’. ಕಾಲು ಆಚೀಚೆ ಹಾಕಿ ಕೂರುವ ಬೈಕು, ಸೈಕಲ್ಲು, ಕುದುರೆಗೆ ಮತ್ತೆ ‘ಆನ್’ ಮತ್ತು ‘ಆಫ್’.

ಇನ್ನೊಂದು ವಿಷಯ ಹೇಳಲೇಬೇಕು. ನಾವು ‘ನಾಳೆ ಸಿಗ್ತೀನಿ’ ಎನ್ನುತ್ತೇವಲ್ಲ, ಅದನ್ನು ‘ಐ ವಿಲ್ ಗೆಟ್ ಯು ಟುಮಾರೋ’ ಎಂದು ಹೇಳಬೇಡಿ. ‘ನಾಳೆ ಸಿಗು ಮಗನೇ, ನೋಡ್ಕೋತೀನಿ’ ಎಂದ ಹಾಗಾಗುತ್ತದೆ. ಹೊಸದಾಗಿ ಬಂದ ನಮ್ಮೂರಿನ ಹುಡುಗನೊಬ್ಬ ಮನೆ ಓನರಿಗೆ ಇದನ್ನೇ ಹೇಳಿದ್ದ. ಮುಖದಲ್ಲಿ ನಗು ಇತ್ತು, ಅದಕ್ಕೆ ಬಚಾವಾದ. ‘ಸೀ ಯು ಟುಮಾರೋ’ ಸಾಕು.

ಟಿಕೆಟ್ ಟಿಕೆಟ್

ಥ್ಯಾಂಕ್ಸ್ ಅಕ್ಕ. ನಾಳೆಯಿಂದ ಗೆಟ್ ಆಫ್. ಅಭ್ಯಾಸ ಬಲದಲ್ಲಿ ಡೌನ್ ಬಂದರೂ ಯಾರೂ ಬಗ್ಗಲ್ಲ ಬಿಡಿ, ಬಗ್ಗೋಕೆ ಜಾಗ ಎಲ್ಲಿದೆ.

ಧಾರವಾಡ ಫೇಡೆ

ಮೇಷ್ಟ್ರು ಉಳಿಸಿದ ಕಾಲು ಪಾಲಿಗೆ ನಾನು ಕೈ ಹಾಕುತ್ತೇನೆ. ಅಲ್ಲೇ ಮಜಾ ಇರೋದು.

‘ಐ ಗಾಟ್ ಮೈ ಹೇರ್ ಕಟ್.’ ಕಟಿಂಗ್ ಮಾಡಿಸಿದೆ. ಈ ‘ಇಸು’ ನಮ್ಮ ಭಾಷೆಯಲ್ಲಿ ಎಷ್ಟು ಸಲೀಸು ನೋಡಿ. ಗಾಡಿ ಸರ್ವಿಸ್ ಮಾಡಿಸಿದೆ, ರಕ್ತ ಪರೀಕ್ಷೆ ಮಾಡಿಸಿದೆ, ಝೆರಾಕ್ಸ್ ಮಾಡಿಸಿದೆ, ಬ್ಲೌಸ್ ಹೊಲಿಸಿದೆ. ಕೆಲಸ ಮಾಡಿದ್ದು ಇನ್ನೊಬ್ಬರು, ಮಾಡಿಸಿದ್ದು ನಾನು. ಇಂಗ್ಲಿಷಲ್ಲಿ ಕ್ರಿಯಾಪದದ ಬಾಲಕ್ಕೆ ಹಾಕಲು ಅಂಥ ಪ್ರತ್ಯಯ ಇಲ್ಲ. ಅದಕ್ಕೇ ಅವರು ಗೆಟ್ ಹಾಕಿ, ನಡುವೆ ವಸ್ತು ಇಟ್ಟು, ಕೊನೆಗೆ ಕ್ರಿಯಾಪದದ ಮೂರನೇ ರೂಪ ಇಡುತ್ತಾರೆ. ‘ಗಾಟ್ ದ ಬೈಕ್ ಸರ್ವಿಸ್ಡ್’, ‘ಗಾಟ್ ದ ಬ್ಲೌಸ್ ಸ್ಟಿಚ್ಡ್’.

ಕನ್ನಡದಲ್ಲಿ ‘ಮಾಡಿಸಿದೆ’ ಎಂದು ಸರಿಯಾಗಿ ಹೇಳುವವರೇ ಇಂಗ್ಲಿಷಿಗೆ ಬಂದಾಗ ‘ಐ ಕಟ್ ಮೈ ಹೇರ್’ ಎನ್ನುತ್ತಾರೆ. ಕೇಳಿದವರು ಕನ್ನಡಿ ಮುಂದೆ ಕತ್ತರಿ ಹಿಡಿದು ನೀವೇ ಕತ್ತರಿಸಿಕೊಂಡಿರಿ ಎಂದುಕೊಳ್ಳುತ್ತಾರೆ. ಮಕ್ಕಳಿಗೆ ಹೇಳಿ: ಕನ್ನಡ ವಾಕ್ಯದಲ್ಲಿ ‘ಇಸು’ ಕಂಡರೆ ಇಂಗ್ಲಿಷಿನಲ್ಲಿ ಗೆಟ್ ಹುಡುಕಿ.

ಇನ್ನು ನನಗೆ ತುಂಬಾ ಇಷ್ಟವಾದದ್ದು. ‘ಐ ಗಾಟ್ ಸ್ಕೋಲ್ಡೆಡ್.’ ಇದಕ್ಕೆ ವ್ಯಾಕರಣ ಪುಸ್ತಕದ ಕನ್ನಡ ‘ನಾನು ಬೈಯಲ್ಪಟ್ಟೆನು’. ಯಾವ ಮನೆಯಲ್ಲಿ ಯಾರು ಹೀಗೆ ಮಾತಾಡುತ್ತಾರೆ? ನಾವು ಹೇಳೋದು ‘ಬೈಸಿಕೊಂಡೆ’. ಹೊಡೆಸಿಕೊಂಡ, ಕಚ್ಚಿಸಿಕೊಂಡ, ಅನ್ನಿಸಿಕೊಂಡ. ಈ ‘ಇಸಿಕೊಳ್ಳು’ ಒಳಗೆ ಒಂದು ಸಣ್ಣ ಕುಟುಕು ಇದೆ. ‘ನಾಯಿ ಅವನನ್ನು ಕಚ್ಚಿತು’ ಎಂದರೆ ಪಾಪ ಅನ್ನಿಸುತ್ತದೆ. ‘ನಾಯಿ ಹತ್ತಿರ ಕಚ್ಚಿಸಿಕೊಂಡು ಬಂದ’ ಎಂದರೆ ಇವನು ಏನೋ ಕಿತಾಪತಿ ಮಾಡಿರಬೇಕು ಅನ್ನಿಸುತ್ತದೆ. ‘ಹಿ ವಾಸ್ ಫೈರ್ಡ್’ ಮತ್ತು ‘ಹಿ ಗಾಟ್ ಫೈರ್ಡ್’ ನಡುವೆಯೂ ಹೆಚ್ಚುಕಡಿಮೆ ಇದೇ ವ್ಯತ್ಯಾಸ. ಮೊದಲನೆಯದು ಆಫೀಸಿನ ಕಾಗದದ ಭಾಷೆ. ಎರಡನೆಯದು ಕ್ಯಾಂಟೀನಿನಲ್ಲಿ ಹೇಳೋದು, ಬಹಳ ಸಲ ಅದರಲ್ಲಿ ‘ಮಾಡಿಕೊಂಡ ನೋಡು’ ಅನ್ನುವ ಧಾಟಿ ಇರುತ್ತದೆ. ಯಾವಾಗಲೂ ಇರಲೇಬೇಕು ಅಂತಿಲ್ಲ. ‘ಗಾಟ್ ಪ್ರಮೋಟೆಡ್’, ‘ಗಾಟ್ ಸೆಲೆಕ್ಟೆಡ್’ ಕೂಡ ಇವೆ. ಆದರೆ ‘ಗಾಟ್’ ಜೊತೆ ಬರುವವರಲ್ಲಿ ಒದೆ ತಿಂದವರು, ಸಿಕ್ಕಿಬಿದ್ದವರು, ಮೋಸ ಹೋದವರೇ ಜಾಸ್ತಿ.

ಟ್ಯೂಷನ್ ಅಕ್ಕ, ಹಾಸನ

ಅಯ್ಯೋ, ಬೈಸಿಕೊಳ್ಳೋದು ನನಗೆ ಹೊಳೆದೇ ಇರಲಿಲ್ಲ! ಇದನ್ನು ಮಕ್ಕಳಿಗೆ ಬಿಡಿಸಿ ಹೇಳಲೇ ಬೇಕಾಗಿಲ್ಲ, ದಿನಾ ಮಾಡೋ ಕೆಲಸ.

ಕೆಂಪು ಶಾಯಿ

ಕ್ಷಮಿಸಿ, ನನ್ನದು ಬೇರೆ ಅಭಿಪ್ರಾಯ. ನಮ್ಮ ಕಾಲದಲ್ಲಿ ಪ್ರಬಂಧದಲ್ಲಿ ಗೆಟ್ ಬರೆದರೆ ಕೆಂಪು ಗೆರೆ ಬೀಳುತ್ತಿತ್ತು. ರಿಸೀವ್, ಅಬ್ಟೇನ್, ಬಿಕಮ್, ರೀಚ್, ಅಂಡರ್‌ಸ್ಟ್ಯಾಂಡ್ ಎಂಬ ಒಳ್ಳೆಯ ಪದಗಳಿರುವಾಗ ಎಲ್ಲದಕ್ಕೂ ಗೆಟ್ ಯಾಕೆ? ಮಕ್ಕಳ ಶಬ್ದ ಭಂಡಾರ ಬೆಳೆಯೋದಿಲ್ಲ. ಪರೀಕ್ಷೆಯಲ್ಲಿ ಮಾರ್ಕ್ಸ್ ಕೊಡುವವರು ಇನ್ನೂ ಹಳಬರೇ ಇದ್ದಾರೆ, ಮರೆಯಬೇಡಿ.

ರಿಟೈರ್ಡ್ ಮೇಷ್ಟ್ರು

ಆ ಕೆಂಪು ಗೆರೆ ನಾನೂ ಬಹಳ ಎಳೆದಿದ್ದೇನೆ ಸ್ವಾಮಿ. ಅರ್ಜಿ, ಆಫೀಸ್ ಕಾಗದಕ್ಕೆ ನೀವು ಹೇಳೋದು ಸರಿ. ‘ಐ ಹ್ಯಾವ್ ರಿಸೀವ್ಡ್ ಯುವರ್ ಲೆಟರ್’ ಎಂದೇ ಬರೆಯಲಿ. ಮಾತಿನಲ್ಲಿ ಏನು ಮಾಡೋಣ? ‘ಐ ರಿಸೀವ್ಡ್ ಎ ಕೋಲ್ಡ್’ ಎನ್ನೋಣವೇ, ನೆಗಡಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬಂದ ಹಾಗೆ? ಆಕ್ಸ್‌ಫರ್ಡ್‌ನವರ ಇಂಗ್ಲಿಷ್ ಕಾರ್ಪಸ್, ಅಂದರೆ ಬಳಕೆಯಲ್ಲಿರುವ ಇಂಗ್ಲಿಷಿನ ದೊಡ್ಡ ಸಂಗ್ರಹದ ಪ್ರಕಾರ ಅತಿ ಹೆಚ್ಚು ಬಳಕೆಯಾಗುವ ಕ್ರಿಯಾಪದಗಳಲ್ಲಿ ಬಿ, ಹ್ಯಾವ್, ಡು, ಸೇ ಆದಮೇಲೆ 5ನೇ ಜಾಗ ಗೆಟ್‌ಗೆ. ಅಷ್ಟು ಓಡಾಡುವ ಪದವನ್ನು ಹೊರಗೆ ನಿಲ್ಲಿಸಿ ಇಂಗ್ಲಿಷ್ ಕಲಿಸಿದರೆ ಮಗು ಇಂಟರ್‌ವ್ಯೂನಲ್ಲಿ ‘ಐ ಅಬ್ಟೇನ್ಡ್ ಡೌನ್ ಫ್ರಮ್ ದ ಬಸ್’ ಅಂದೀತು.

ಕೆಂಪು ಶಾಯಿ

ಕೊನೇ ವಾಕ್ಯ ಅತಿಯಾಯ್ತು. ಉಳಿದದ್ದಕ್ಕೂ ನಾನು ಪೂರ್ತಿ ಒಪ್ಪಲ್ಲ. ಮೊದಲು ನೆಟ್ಟಗೆ ಬರೆಯೋದು ಬರಲಿ, ಸಡಿಲ ಮಾತು ಆಮೇಲೆ ತಾನೇ ಬರುತ್ತದೆ.

ಲೀಡ್ಸ್ ಕನ್ನಡತಿ

ತಾನೇ ಬರಲ್ಲ ಸರ್, ಅದೇ ಕಷ್ಟ. ಪುಸ್ತಕದ ಇಂಗ್ಲಿಷ್ ಚೆನ್ನಾಗಿ ಬರುವ ನಮ್ಮವರು ಇಲ್ಲಿ ತಡವರಿಸೋದು ಇಂಥ ಸಣ್ಣ ಪದಗಳಲ್ಲೇ. ಬಾಗಿಲು ಬಡಿದ ಸದ್ದಾದರೆ ‘ಕೆನ್ ಯು ಗೆಟ್ ದ ಡೋರ್?’ ಎನ್ನುತ್ತಾರೆ. ಬಾಗಿಲು ತರೋದಲ್ಲ, ಹೋಗಿ ತೆಗೆಯೋದು. ಹೋಟೆಲಿನಲ್ಲಿ ‘ಐ ವಿಲ್ ಗೆಟ್ ದಿಸ್’ ಅಂದರೆ ಬಿಲ್ ನಾನು ಕೊಡ್ತೀನಿ ಅಂತ. ಅದು ಅರ್ಥವಾಗದೆ ಸುಮ್ಮನೆ ಕೂತರೆ ಪರವಾಗಿಲ್ಲ, ಲಾಭವೇ! ಒಂದು ತಮಾಷೆ ಏನಂದರೆ ಇಲ್ಲಿನವರಿಗೂ ಗೆಟ್ ಬಗ್ಗೆ ಜಗಳ ಇದೆ. ಕಾಫಿ ಅಂಗಡಿಯಲ್ಲಿ ಹುಡುಗರು ‘ಕೆನ್ ಐ ಗೆಟ್ ಎ ಕಾಫಿ?’ ಎಂದರೆ ಹಿರಿಯರಿಗೆ ಮೈ ಉರಿಯುತ್ತದೆ. ಅದು ಅಮೆರಿಕದ ಮಾತು, ‘ಹ್ಯಾವ್’ ಎನ್ನಬೇಕು ಅಂತ ಗೊಣಗುತ್ತಾರೆ.

ಜರ್ಸಿ ಗೌಡ್ರು

ಅಮೆರಿಕದ ಮೇಲೆ ಎಲ್ಲ ಹಾಕಬೇಡಿ ಮೇಡಂ, ನಾವು ಇಲ್ಲೇ ಇದ್ದೀವಿ. ಗೆಟ್‌ನ ಮೂರನೇ ರೂಪವಾಗಿ ನಾವು ಹೇಳುವ ‘ಗಾಟನ್’ ಬಗ್ಗೆಯೂ ಹಾಗೇ ಅನ್ನುತ್ತಾರೆ, ಅದು ಅಮೆರಿಕದವರು ಕೆಡಿಸಿದ್ದು ಅಂತ. ನಿಜ ಉಲ್ಟಾ. ‘ಗಾಟನ್’ ಹಳೇ ಇಂಗ್ಲೆಂಡಿನದೇ. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ, ಆದಿಕಾಂಡದ 4ನೇ ಅಧ್ಯಾಯದಲ್ಲಿ, ಕಾಯಿನ ಹುಟ್ಟಿದಾಗ ಹವ್ವ ಹೇಳುವ ಮಾತಿನಲ್ಲಿ ‘ಗಾಟನ್’ ಇದೆ. ಸಮುದ್ರ ದಾಟಿ ಬಂದವರು ಅದನ್ನು ಉಳಿಸಿಕೊಂಡರು, ಊರಲ್ಲಿ ಉಳಿದವರು ಬಹುಪಾಲು ಕೈಬಿಟ್ಟರು. ಅಲ್ಲಿ ಈಗಲೂ ‘ಇಲ್-ಗಾಟನ್’ ಎಂಬಲ್ಲಿ ಮಾತ್ರ ಗಟ್ಟಿಯಾಗಿ ಕೂತಿದೆ, ಅನ್ಯಾಯದ ದುಡ್ಡಿಗೆ ಹೇಳುವಾಗ.

ಇಲ್ಲಿ ಎರಡಕ್ಕೂ ಬೇರೆ ಬೇರೆ ಕೆಲಸ ಇದೆ. ‘ಐ ಹ್ಯಾವ್ ಗಾಟ್ ಎ ಕಾರ್’, ನನ್ನ ಹತ್ತಿರ ಕಾರಿದೆ. ‘ಐ ಹ್ಯಾವ್ ಗಾಟನ್ ಎ ಟಿಕೆಟ್’, ಪೊಲೀಸಿನವನು ದಂಡದ ಚೀಟಿ ಹರಿದು ಕೊಟ್ಟಿದ್ದಾನೆ.

ಅಂದಹಾಗೆ ಪದವೂ ಮೂಲದಲ್ಲಿ ಇಂಗ್ಲಿಷರದಲ್ಲ. ಸಾವಿರ ವರ್ಷಕ್ಕೂ ಹಿಂದೆ ಇಂಗ್ಲೆಂಡಿಗೆ ಬಂದು ನೆಲೆಸಿದ ಸ್ಕ್ಯಾಂಡಿನೇವಿಯಾದವರ ನಾರ್ಸ್ ಭಾಷೆಯ ‘ಗೆಟಾ’ದಿಂದ ಬಂದದ್ದು. ಟೇಕ್, ಎಗ್, ಸ್ಕೈ, ದೇ ಎಲ್ಲ ಅವರವೇ. ಇಂಗ್ಲಿಷಿನವರ ಹತ್ತಿರ ಅದೇ ಕುಟುಂಬದ ತಮ್ಮದೇ ಪದ ಇತ್ತು, ಆದರೆ ‘ಫರ್ಗೆಟ್’, ‘ಬಿಗೆಟ್’ ಥರ ಬಾಲ ಹಿಡಿದುಕೊಂಡೇ ಓಡಾಡುತ್ತಿತ್ತು. ಫರ್ಗೆಟ್ ಒಳಗಿನ ಗೆಟ್ ಅದೇ ಗೆಟ್. ಕೈಗೆ ಸಿಕ್ಕಿದ್ದು ಜಾರಿಹೋಗೋದೇ ಮರೆವು.

ಅನುವಾದದ ಅಂಗಡಿ

ಸಣ್ಣ ಪದಗಳ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಆಕ್ಸ್‌ಫರ್ಡ್ ನಿಘಂಟಿನ 1989ರ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ‘ಸೆಟ್’. ಆಮೇಲೆ ಪರಿಷ್ಕರಣೆ ಮಾಡುತ್ತಾ ‘ರನ್’ ಎಂಬ ಕ್ರಿಯಾಪದಕ್ಕೆ 645 ಅರ್ಥ ಆಯಿತು. ಸಂಪಾದಕ ಪೀಟರ್ ಗಿಲಿವರ್ ಆ ಒಂದು ಪದದ ಮೇಲೆ ಸುಮಾರು 9 ತಿಂಗಳು ಕೂತಿದ್ದರು. ದೊಡ್ಡ ದೊಡ್ಡ ಪದಗಳಿಗೆ ಒಂದೋ ಎರಡೋ ಸಾಲು ಸಾಕು.

ಮಕ್ಕಳಿಗೆ ಇದು ವಿಚಿತ್ರ ಅನ್ನಿಸಿದರೆ ‘ಹಾಕು’ ಎನ್ನೋದಕ್ಕೆ ಇಂಗ್ಲಿಷಲ್ಲಿ ಏನು ಎಂದು ಕೇಳಿ ನೋಡಿ. ಬಟ್ಟೆ ಹಾಕು, ಬೀಗ ಹಾಕು, ಊಟಕ್ಕೆ ಹಾಕು, ಓಟು ಹಾಕು, ಕಣ್ಣು ಹಾಕು, ಗಾಳಿ ಹಾಕು, ಅರ್ಜಿ ಹಾಕು. ಒಂದೊಂದಕ್ಕೂ ಬೇರೆ ಇಂಗ್ಲಿಷ್ ಬೇಕು. ಇಂಗ್ಲಿಷಿನ ಮಗು ಯಾವುದಾದರೂ ಗೈಡಿನಲ್ಲಿ ‘ಹಾಕು’ ಪಟ್ಟಿ ನೋಡಿ ಅಳುತ್ತಾ ಕೂತಿರಬಹುದು ಅಂತ ಹೇಳಿ, ನಮ್ಮ ಮಕ್ಕಳಿಗೆ ಎಷ್ಟು ಸಮಾಧಾನವಾಗುತ್ತದೆ ನೋಡಿ.

ಐಟಿ ಕೂಲಿ, ಬೆಂಗಳೂರು

ಯಾರೂ ‘ಗಾಟ್ ಟು’ ಬಗ್ಗೆ ಹೇಳಲಿಲ್ಲ. ನಮ್ಮ ಟೀಮಿನಲ್ಲಿ ಇದರಿಂದ ಒಂದು ಮಧ್ಯಾಹ್ನವೇ ಹಾಳಾಯಿತು.

ಮ್ಯಾನೇಜರ್ ಗ್ರೂಪಿನಲ್ಲಿ ‘ಐ ಗಾಟ್ ಟು ಮೀಟ್ ದ ಕ್ಲೈಂಟ್ ಟುಡೇ’ ಎಂದು ಹಾಕಿದರು. ಒಬ್ಬಳು ‘ಹೇಗಿತ್ತು ಸರ್ ಮೀಟಿಂಗ್?’ ಎಂದು ಕೇಳಿದಳು. ಇನ್ನೊಬ್ಬ ಗಾಬರಿಯಾಗಿ ಸ್ಲೈಡ್ ರೆಡಿ ಮಾಡಲು ಕೂತ. ಅವಳಿಗೆ ಅದು ‘ಇವತ್ತು ಕ್ಲೈಂಟನ್ನು ಭೇಟಿ ಮಾಡೋ ಅವಕಾಶ ಸಿಕ್ಕಿತು’, ಮುಗಿದ ವಿಷಯ. ಇವನಿಗೆ ‘ಭೇಟಿ ಮಾಡಬೇಕು’, ಆಗಬೇಕಾದ ವಿಷಯ. ಸರ್ ಊಟಕ್ಕೆ ಹೋಗಿದ್ದರು, ಫೋನ್ ಎತ್ತಲಿಲ್ಲ. ಎರಡರಲ್ಲಿ ಯಾವುದು ಅಂತ ತಿಳಿಯೋ ಹೊತ್ತಿಗೆ ಸಂಜೆ ಕಾಫಿ ಟೈಮ್.

‘ಹ್ಯಾವ್ ಗಾಟ್ ಟು’ ಎಂದರೆ ‘ಬೇಕು’. ಮಾತಿನಲ್ಲಿ ಆ ‘ಹ್ಯಾವ್’ ಉದುರಿಹೋಗುತ್ತದೆ, ‘ಗಾಟ್ಟಾ’ ಆಗುತ್ತದೆ. ಬರೆಯುವಾಗಲೂ ಉದುರಿಸಿದರೆ ಅವಕಾಶಕ್ಕೂ ಬಲವಂತಕ್ಕೂ ಒಂದೇ ಮುಖ. ಬಾಯಲ್ಲಿ ಹೇಳಿದರೆ ಧಾಟಿಯಲ್ಲಿ ಗೊತ್ತಾಗುತ್ತದೆ, ಮೆಸೇಜಲ್ಲಿ ಧಾಟಿ ಎಲ್ಲಿ? ಬರೆಯುವಾಗ ‘ಹ್ಯಾವ್ ಟು’ ಎಂದೇ ಬರೆಯಿರಿ. ಕೆಂಪು ಶಾಯಿಯವರಿಗೆ ಇಲ್ಲಿ ನನ್ನ ಓಟು.

ಕರಾವಳಿ ಕಾಫಿ

ಇನ್ನೊಂದು ಆಫೀಸ್ ಗೆಟ್ ಇದೆಯಲ್ಲ, ‘ಐ ವಿಲ್ ಗೆಟ್ ಬ್ಯಾಕ್ ಟು ಯು’. ನಿಘಂಟಿನ ಪ್ರಕಾರ ಆಮೇಲೆ ತಿಳಿಸುತ್ತೇನೆ ಅಂತ. ನಮ್ಮ ಅನುಭವದ ಪ್ರಕಾರ ಇನ್ನು ನೀವೇ ಫೋನ್ ಮಾಡಬೇಕು ಅಂತ.

ಕನ್ನಡಕ್ಕೆ ಬಂದು ಸೇರಿದ ಗೆಟ್‌ಗಳನ್ನೂ ನೋಡಿ. ಹೀರೋಗೆ ಹೊಸ ಗೆಟಪ್, ಹಳೇ ಕ್ಲಾಸಿನವರದು ಗೆಟ್ ಟುಗೆದರ್, ‘ಗೆಟೌಟ್ ಅಂದುಬಿಟ್ಟ’. ಎಲ್ಲ ಗಂಟು ಕಟ್ಟಿಕೊಂಡೇ ಬಂದವು, ಒಂಟಿ ಗೆಟ್ ಮಾತ್ರ ಬರಲೇ ಇಲ್ಲ. ಅಡ್ಜಸ್ಟ್ ಮಾಡು, ಮ್ಯಾನೇಜ್ ಮಾಡು, ಟ್ರೈ ಮಾಡು ಎನ್ನುತ್ತೇವೆ. ‘ಗೆಟ್ ಮಾಡು’ ಎಂದು ಯಾರಾದರೂ ಹೇಳಿದ್ದು ಕೇಳಿದ್ದೀರಾ? ಸಿಗು, ಆಗು, ಬರು ಇರುವಾಗ ಅದಕ್ಕೆ ಇಲ್ಲಿ ಕೆಲಸವೇ ಇರಲಿಲ್ಲ ಅನ್ನಿಸುತ್ತದೆ.

ಟ್ಯೂಷನ್ ಅಕ್ಕ, ಹಾಸನ

ಎಲ್ಲರಿಗೂ ಥ್ಯಾಂಕ್ಸ್. ‘ಹಾಕು’ ಆಟ ಚೆನ್ನಾಗಿ ನಡೆಯಿತು. ‘ಗಾಳಿ ಹಾಕು’ಗೆ ಒಬ್ಬಳು ‘ಪುಟ್ ವಿಂಡ್’ ಎಂದಳು. ಮೇಷ್ಟ್ರ ಲೆಕ್ಕ ಬೋರ್ಡಿನ ಮೇಲೆ ಬರೆದು ವಾಕ್ಯ ಕೊಟ್ಟೆ. ಕತ್ತಲೆ ಈಗ ಯಾರೂ ಪಡೆಯುತ್ತಿಲ್ಲ. ಬೈಸಿಕೊಂಡದ್ದಕ್ಕೆ ಒಬ್ಬೊಬ್ಬರೂ ಬೇಡ ಬೇಡ ಎಂದರೂ ಐದಾರು ವಾಕ್ಯ ಬರೆದರು.

ಒಂದು ಮಾತ್ರ ಉಳಿಯಿತು. ‘ಗೆಟ್ ಹಿಮ್ ಟು ಸೈನ್ ಇಟ್’ ಮತ್ತು ‘ಮೇಕ್ ಹಿಮ್ ಸೈನ್ ಇಟ್’. ಎರಡಕ್ಕೂ ‘ಅವನ ಹತ್ತಿರ ಸೈನ್ ಹಾಕಿಸು’ ಎಂದೇ ಬರೆಸಬಹುದಾ?

ಧಾರವಾಡ ಫೇಡೆ

ಬರೆಸಬಹುದು, ಆದರೆ ಎರಡೂ ಒಂದೇ ಅಲ್ಲ. ‘ಮೇಕ್’ ಅಂದರೆ ಅವನಿಗೆ ಬೇರೆ ದಾರಿ ಇಲ್ಲ, ಕೂರಿಸಿ ಹಾಕಿಸೋದು. ‘ಗೆಟ್’ ಅಂದರೆ ಪುಸಲಾಯಿಸಿ, ಒಪ್ಪಿಸಿ, ಎರಡು ಸಲ ಮನೆಗೆ ಅಲೆದು ಹಾಕಿಸೋದು. ಮೂರನೆಯದೂ ಇದೆ, ‘ಹ್ಯಾವ್ ಹಿಮ್ ಸೈನ್ ಇಟ್’. ಅದು ಹೇಳಿದರೆ ಹಾಕುವವನಿಗೆ, ಅಂದರೆ ನಿಮ್ಮ ಕೈಕೆಳಗೆ ಕೆಲಸ ಮಾಡುವವನಿಗೆ. ಗೆಟ್ ಮುಂದೆ ‘ಟು’ ಬೇಕು, ಉಳಿದ ಎರಡಕ್ಕೆ ಬೇಡ, ಇದನ್ನು ಮಾತ್ರ ನೆನಪಿಟ್ಟುಕೊಳ್ಳಲಿ. ಕನ್ನಡದಲ್ಲಿ ಕೂರಿಸಿ ಹಾಕಿಸು, ಒಪ್ಪಿಸಿ ಹಾಕಿಸು, ಹೇಳಿ ಹಾಕಿಸು ಎಂದು ಮೂರು ಸಾಲು ಬರೆಸಿ.

ರಿಟೈರ್ಡ್ ಮೇಷ್ಟ್ರು

ಇದಕ್ಕೆ ಉದಾಹರಣೆ ತಹಸೀಲ್ದಾರರ ಸೈನ್ ಕೊಡಿ ಮೇಡಂ. ಗೆಟ್ ಬಿಟ್ಟು ಬೇರೆ ಯಾವುದೂ ಹೊಂದಲ್ಲ.